ಬಟ್ಟಲ ಖಾಲಿ ಕೊಡಬಾರದು

ಚೀನಾದ ಅಜ್ಜಿಗಳಿಗೆ ಇಂಗ್ಲಿಷ್ ಕಲಸಲಿಕ್ಕೆ ಹುಬ್ಬಳ್ಳಿಯಾಕಿನ್ನ ಹಚ್ಚಿದ್ರು ಅಂದ್ರ ನಮ್ಮವ್ವಗ ಇವತ್ತಿಗೂ ನಂಬಿಕಿ ಇಲ್ಲ. "ನೀ ಮಾತಾಡೋ ಇಂಗ್ಲಿಷ್ ನನಗೂ ತಿಳೀತದ. ಅಂದ್ರ ಅದೆಂಥಾ ಇಂಗ್ಲಿಷು?" ಅಂತ ಫೋನಿನ್ಯಾಗ ನಗತಾಳ.

ಆದ್ರ ಹಚ್ಚಿದ್ದು ಖರೇ. 2010 ದಾಟಿ ನಾಕೈದು ವರ್ಷ ಆಗಿರಬೇಕು. ನಮ್ಮನಿಯವ್ರಿಗೆ ನ್ಯೂಜಿಲೆಂಡಿನ್ಯಾಗ, ಆಕ್ಲೆಂಡಿನ ಪೆನ್‌ರೋಸ್‌ದಾಗ, ಗೋದಾಮು ಕಾರ್ಖಾನಿಗಳ ನಡುವ, ಒಂದು ಕಂಪನ್ಯಾಗ ಇಂಜಿನಿಯರ್ ಕೆಲಸ. ನಾವು ಇದ್ದದ್ದು ಬಾಜೂಕ್ಕ, ಒನೆಹುಂಗಾದಾಗ. ಊರಾಗ ನಾನು ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಸ್ತಿದ್ದೆ, ಹುಡುಗೂರು ನನ್ನ ಚಪ್ಪಲಿ ಸಪ್ಪಳಕ್ಕ ಗಪ್ಪಾಗ್ತಿದ್ರು. ಇಲ್ಲಿ ಬಂದು ಮುಂಜಾನೆ ಡಬ್ಬಿ ಕಟ್ಟೂದು, ಮಗಳನ್ನ ಸಾಲಿಗೆ ಬಿಡೂದು, ಆಮ್ಯಾಲ ಗ್ವಾಡಿ ನೋಡಕೋತ ಕೂಡೂದು. ಗ್ವಾಡಿ ಸಾಕಾತು. ಪ್ಯಾಟಿ ಬೀದಿ ಹಿಂದ ಕಮ್ಯುನಿಟಿ ಹಾಲ್‌ನ್ಯಾಗ ಬುಧವಾರಕ್ಕೊಮ್ಮೆ ಇಂಗ್ಲಿಷ್ ಮಾತಿನ ಕ್ಲಾಸ್ ನಡೀತಿತ್ತು, ಅಲ್ಲಿ ಪುಕ್ಕಟೆ ಟೀಚರ್ ಆಗಿ ಸೇರಕೊಂಡೆ. ಬರ್ತಿದ್ದವ್ರೆಲ್ಲಾ ಚೀನಾದ ಅಜ್ಜಿಗಳು, ಮಗನ ಮನಿ, ಮಗಳ ಮನಿ ಅಂತ ಬಂದು ಮೊಮ್ಮಕ್ಕಳನ್ನ ಆಡಿಸ್ಕೋತ ಇದ್ದವ್ರು.

ನನ್ನ ಪದ್ಧತಿ ಏನಂದ್ರ, ಒಂದೊಂದು ಇಂಗ್ಲಿಷ್ ಕ್ರಿಯಾಪದ ಹಿಡಿಯೂದು, ಅದನ್ನ ಹಿಂಡಿ ಹಿಪ್ಪಿ ಮಾಡೂತನಕ ಬಿಡಬಾರದು. ಆ ಸಲ 'ಗಿವ್' ಹಿಡದಿದ್ದೆ. ಗಿವ್ ಅಂದ್ರ ಕೊಡು, ಮುಗೀತು, ಒಂದ್ ತಾಸಿನ ಕೆಲಸ ಅನಕೊಂಡು ಹೋದ್ರ ತಿಂಗಳಾತು, ಮುಗೀಲಿಲ್ಲ.

ಬಾಗಲದ ಕಡೆ ಕೂಡ್ತಿದ್ದ ಆಂಟಿ ಒಬ್ರು, ನಾ ಕೈತುಂಬ ಪುಸ್ತಕ ಹಿಡಕೊಂಡು ಬರೂದು ನೋಡಿ ದಡಬಡ ಎದ್ದು, "ಟೀಚರ್, ಐ ಗಿವ್ ಯೂ ಓಪನ್ ಡೋರ್" ಅಂದ್ರು. ತಪ್ಪು. ಶುದ್ಧ ತಪ್ಪು. ತಿದ್ದಲಿಕ್ಕೆ ಬಾಯಿ ತಗದಾಕಿ ಹಂಗ ನಿಂತೆ. ಯಾಕಂದ್ರ ಮನ್ಯಾಗ ನಾನೂ ಅದನ್ನ ಅಂತೀನಲ್ಲಾ! "ತಡೀರಿ, ಬಾಗಲಾ ತಗದು ಕೊಡ್ತೀನಿ." ಮಾಡಿ ಕೊಡ್ತೀನಿ, ಬರದು ಕೊಡ್ತೀನಿ, ಉಳ್ಳಾಗಡ್ಡಿ ಹೆಚ್ಚಿ ಕೊಡ್ತೀನಿ. ನಮ್ಮ ಬಾಯಾಗ ಕೆಲಸಾ ಅಂದ್ರ ಬರೇ ಮಾಡಿದ್ರ ಮುಗಿಯೂದಿಲ್ಲ, ಮಾಡಿ ಕೊಡಬೇಕು. ಇಂಗ್ಲಿಷಿನವ್ರು ಬಾಗಲಾ ಸುಮ್ನ ತಗೀತಾರ, ಆಮ್ಯಾಲ ಯಾರು ಹೋದ್ರೂ ಅವರಿಗೇನು. ನಾ ಆಂಟಿಗೆ, "ಇಂಗ್ಲಿಷ್‌ನ್ಯಾಗ ಹಂಗ ಅನ್ನೂದಿಲ್ಲ, ಆದ್ರ ನೀವು ಅಂದಿದ್ದ ಛಂದ ಅದ" ಅಂದೆ. ಅವ್ರು ಅಷ್ಟಕ್ಕೇ ಖುಷಿಯಾಗಿ ಎರಡನೇ ಬಾಗಲಾನೂ ತಗದು ಕೊಟ್ರು.

ಇನ್ನೊಬ್ಬ ಅಜ್ಜಿ ಎದ್ದು, ತನ್ನ ಮಗಳನ್ನ ಆಕ್ಲೆಂಡಿಗೆ ಮದುವಿ 'ಗಿವ್' ಮಾಡೀನಿ ಅಂದ್ಲು. ಅವರ ಭಾಷಾದಾಗ ಮದುವಿ ಮಾತಿನ್ಯಾಗೂ ಆ 'ಕೊಡು' ಬರ್ತದಂತ. ನಾ ನಕ್ಕು ನಕ್ಕು ಸಾಕಾದೆ. ನಮ್ಮವ್ವ ಓಣ್ಯಾಗ ನನ್ನ ಬಗ್ಗೆ ಹೇಳೂದೂ ಅದ: "ಸಣ್ಣಾಕಿನ್ನ ನ್ಯೂಜಿಲೆಂಡಿಗೆ ಕೊಟ್ಟೀವ್ರಿ." ಇಡೀ ದೇಶಕ್ಕ ಕೊಟ್ಟಂಗ!

ಬಾಗಲಾ ತಗದು ಕೊಟ್ಟ ಆಂಟಿ ನನಗ ಭಾಳ ಹತ್ತರ ಆದ್ರು. ನಮ್ಮವ್ವನ ವಾರಗಿಯವ್ರು, ಕುಳ್ಳಗ, ಯಾವಾಗಲೂ ಒಂದ್ ನೀಲಿ ಜಾಕೀಟು. ರಬ್ಬರ್ ಕೊಡೂದಿದ್ರೂ ಎರಡೂ ಕೈಯಿಂದ ಕೊಡ್ತಿದ್ರು, ದೇವರಿಗೆ ನೈವೇದ್ಯ ತೋರಿಸಿದಂಗ. ನಾ ಬಲಗೈಯಿಂದ ಇಸಕೊಂತಿದ್ದೆ, ಎಡಗೈ ಮುಂದ ಬಂದ್ರ ನಮ್ಮಜ್ಜಿ ಹೊಡದ ಪೆಟ್ಟು ಇನ್ನೂ ನೆನಪಾಗ್ತದ. ಅವರ ಮನಿ ನಮ್ಮ ಮುಂದಿನ ಓಣ್ಯಾಗ. ಅವರ ಇಂಗ್ಲಿಷು ಮುರಕಾ ತರಕಾ, ಅರ್ಧಾ ಕೈಸನ್ನಿ. ಅದನ್ನ ಇಲ್ಲಿ ನಮ್ಮ ಮಾತಿನ್ಯಾಗ ಹೇಳ್ಕೋತ ಹೋಗ್ತೀನಿ.

ಒಂದಿನ ಶೇಂಗಾ ಹೋಳಿಗಿ ಮಾಡಿದ್ದೆ, ನಮ್ಮನಿಯವ್ರ ಊಟದ ಸ್ಟೀಲ್ ಡಬ್ಬ್ಯಾಗ ಹಾಕಿ ಆಂಟಿಗೆ ಕೊಟ್ಟು ಬಂದೆ. ಕೊಟ್ಟು ಬಂದ ಮ್ಯಾಲ ಡಬ್ಬಿ ಹೆಂಗ ವಾಪಸ್ ಬರ್ತದೋ ಅಂತ ಬಾಗಲಾ ನೋಡಕೋತ ಕೂತೆ. ಯಾಕಂದ್ರ ಈ ದೇಶಕ್ಕ ಬಂದ ಹೊಸದಾಗಿ ನಮ್ಮ ಎದರುಮನಿಯವ್ರಿಗೂ ಹಿಂಗ ಕೊಟ್ಟಿದ್ದೆ. ಮರದಿನ ಡಬ್ಬಿ ಬಾಗಲದ ಮುಂದ ಕೂತಿತ್ತು, ತೊಳದು ಒರಸಿ ಫಳಫಳ ಮಾಡಿದ್ದು, ಒಳಗ ಏನೂ ಇಲ್ಲ. ಒಂದ್ ಚಮಚಾ ಸಕ್ಕರಿನೂ ಇಲ್ಲ! ನಮ್ಮ ಕಡೆ ಯಾರರ ಖಾಲಿ ಡಬ್ಬಿ ವಾಪಸ್ ಕೊಡ್ತಾರನ? ಏನೂ ಇರದಿದ್ರ ನಾಕ ಕಾಳು ಅಕ್ಕಿ ಹಾಕ್ತಾರ, ಇಲ್ಲಾ ಚಿಟಿಕಿ ಸಕ್ಕರಿ. ಖಾಲಿ ಬಂತಂದ್ರ ಸಂಬಂಧಾ ತೊಳದು ಕೊಟ್ಟಂಗ. ನಾ ಅವತ್ತು ಅತ್ತಬಿಟ್ಟಿದ್ದೆ. ಮಗಳು, "ಅಮ್ಮಾ, ದೇ ವಾಶ್ಡ್ ಇಟ್! ದಟ್ಸ್ ನೈಸ್!" ಅಂದ್ಲು. ಇಲ್ಲಿ ಬೆಳದ ಹುಡುಗಿಗೆ ಏನ್ ಹೇಳ್ತೀರಿ.

ಆಂಟಿ ಹಂಗ ಮಾಡಲಿಲ್ಲ. ಎರಡ ದಿನಕ್ಕ ನನ್ನ ಡಬ್ಬಿ ಎರಡೂ ಕೈಯಾಗ ಹಿಡಕೊಂಡು ಬಂದ್ರು, ಒಳಗ ಹಬ್ಯಾಗ ಬೇಯಿಸಿದ ಬಿಳೀ ಬನ್ನು, ನಮ್ಮ ಕಡಬಿನ ಅಕ್ಕತಂಗೇರು. "ನೀ ಮಾಂಸಾ ತಿನ್ನೂದಿಲ್ಲಲ್ಲಾ, ಇದ್ರಾಗ ಮಾಂಸಾ ಇಲ್ಲ" ಅಂದ್ರು. ನಾ ಕಚ್ಚೂದರಾಗಿದ್ದೆ, ಅಷ್ಟರಾಗ, "ಬರೇ ಸಣ್ಣ ಸಣ್ಣ ಒಣಾ ಸಿಗಡಿ" ಅಂದ್ರು. ಅಯ್ಯ ಶಿವನ! ಆದ್ರ ಏನ್ ಮಾಡ್ಲಿ, ಡಬ್ಬಿ ತುಂಬಿ ಬಂದದ್ದಕ್ಕ ಕಣ್ಣಾಗ ನೀರು ಬಂದಿದ್ವು. ಮುಂದಿನ ಸಲ ಎಲಿಕೋಸಿಂದು ಮಾಡಿ ಕೊಟ್ರು. ಅಲ್ಲಿಂದ ಚಾಲೂ ಆತು ನೋಡ್ರಿ, ನನ್ನ ಡಬ್ಬಿ ಅಲ್ಲಿ, ಅವರ ಬಟ್ಟಲ ಇಲ್ಲಿ. ಅವರ ಬಟ್ಟಲ ಅಂದ್ರ ಮುಚ್ಚಳ ಇದ್ದ ಪಿಂಗಾಣಿದು, ನೀಲಿ ಹೂವಿಂದು, ಅವರ ಅವ್ವ ಕೊಟ್ಟಿದ್ದು. ನಮ್ಮನಿಯವ್ರು ಮಾತ್ರ ತಮ್ಮ ಡಬ್ಬಿ ಕಾಣದ, ಐಸ್‌ಕ್ರೀಮ್ ಮುಗದ ಪ್ಲಾಸ್ಟಿಕ್ ಡಬ್ಬ್ಯಾಗ ರೊಟ್ಟಿ ಪಲ್ಯಾ ಒಯ್ದು ಗುಣುಗುಣು ಅಂತಿದ್ರು.

ಹಿಂಗಿದ್ದಾಗ ಒಂದ್ ಬುಧವಾರ ಆಂಟಿ ಮಾರಿ ಬಾಡಿತ್ತು. ಏನಾತು ಅಂದ್ರ, ತಿಂಗಳ ಕೊನಿಗೆ ಚೀನಾಕ್ಕ ವಾಪಸ್ ಹೋಗಲಿಕ್ಕೆ ಟಿಕೆಟ್ ಅದ ಅಂದ್ರು. ಮಗಾ ಸೊಸಿ "ಇಲ್ಲೇ ಇರು" ಅಂತಾರ, ಕಾಗದಪತ್ರದ ತ್ರಾಸೂ ಇಲ್ಲ, ಟಿಕೆಟ್ ಬದಲಿ ಮಾಡಿದ್ರಾತು. ಆದ್ರ ಇರೂದು ಯಾರ ಸಲುವಾಗಿ? ಮಗಾ ಸೊಸಿ ಮುಂಜಾನೆ ಹೋದ್ರ ಸಂಜಿಗೆ ಬರ್ತಾರ, ಮೊಮ್ಮಗಾನೂ ಈಗ ಸಾಲಿಗೆ ಹೋಗ್ತಾನ. ಊರಾಗ ತಂಗಿ ಇದ್ದಾಳ, ಓಣಿ ಅದ, ಬಾಗಲದಾಗ ನಿಂತ್ರ ನಾಕ ಮಂದಿ ಮಾತಾಡಸ್ತಾರ. "ಇಲ್ಲೆ ನನ್ನ ಓಣ್ಯಾಗ ನನಗ ಒಬ್ಬರರ ಬೇಕಲ್ಲ? ಒಬ್ಬಾಕಿ ಸಿಗತಾಳ ಅಂತ ಮಾಡಿದ್ದೆ. ಅಕಿಗೆ ನಾ ಬ್ಯಾಡಾದೆ" ಅಂದ್ರು.

ಅಕಿ ಅಂದ್ರ ಆಂಟಿಯ ಬಾಜೂಮನಿಯಾಕಿ. ಇಲ್ಲೇ ನ್ಯೂಜಿಲೆಂಡಿನ್ಯಾಗ ಹುಟ್ಟಿ ಬೆಳದ ಮುದಕಿ, ಒಬ್ಬಾಕಿನ ಇರ್ತಿದ್ಲು. ಹರೇದಾಗಿಂದ ಊರ ಬಸ್ ಓಡಿಸಿದಾಕಿ, ಅದಕ್ಕ ನಾ ಅಕಿಗೆ ಬಸ್ಸಿನಾಕಿ ಅಂತೀನಿ. ಥಂಡ್ಯಾಗೂ ಚಡ್ಡಿ, ಕಾಲಾಗ ಮಳಿಗಾಲದ ರಬ್ಬರ್ ಬೂಟು. ಅಕಿ ಹಿತ್ತಲದಾಗ ಒಂದು ಫೀಜೋವಾ ಗಿಡ. ಫೀಜೋವಾ ಅಂದ್ರ ಹಸರು ಹಣ್ಣು, ನಮ್ಮ ಪೇರಲದ ದೂರದ ಬೀಗರು. ಇಲ್ಲೆ ಥಂಡಿ ಚಾಲೂ ಆಗೂಕಿಂತ ಮೊದಲ ಅವು ಧಪಧಪ ಉದರತಾವ, ಎಲ್ಲರೂ ಎಲ್ಲರಿಗೂ ಚೀಲಗಟ್ಲೆ ಕೊಟ್ಟು ಪಾರಾಗ್ತಾರ. ಬಸ್ಸಿನಾಕಿನೂ ಬೇಲಿ ಮ್ಯಾಲಿಂದ ಒಂದ್ ಚೀಲಾ ಆಂಟಿಗೆ ಕೊಟ್ಟಿದ್ಲು. ಆಂಟಿ ಅದಕ್ಕ ಪ್ರತಿಯಾಗಿ ನೀಲಿ ಹೂವಿನ ಬಟ್ಟಲದ ತುಂಬ ಬನ್ನು ಮಾಡಿ ಒಯ್ದು ಕೊಟ್ಟಿದ್ರು. ಮರದಿನ ಬಟ್ಟಲ ಬಾಗಲದ ಮೆಟ್ಲ ಮ್ಯಾಲ ಕೂತಿತ್ತು. ತೊಳದದ್ದು. ಖಾಲಿ. ನನ್ನ ಅಡಿಗಿ ಹಿಡಿಸಿಲ್ಲೇನೋ ಅಂತ ಮತ್ತೊಮ್ಮೆ ಬ್ಯಾರೆ ಮಾಡಿ ಕೊಟ್ರು. ಮತ್ತ ಖಾಲಿ. ಮಗದೊಮ್ಮೆ ಎಳ್ಳಿನ ಉಂಡಿ ಕೊಟ್ರು. ಮತ್ತ ಅದ ಮೆಟ್ಲು, ಅದ ಫಳಫಳ.

"ಕೈಯಾಗ ಸೈತ ಕೊಡಲಿಲ್ಲ, ಟೀಚರ್. ನೆಲದ ಮ್ಯಾಲ ಇಟ್ಟು ಹೋದ್ಲು" ಅಂದ್ರು ಆಂಟಿ.

ನನ್ನ ಪಿತ್ತ ನೆತ್ತಿಗೇರಿತು. ನನ್ನ ಹಳೇ ಅಳೂ ಎಲ್ಲಾ ಒಮ್ಮೆಲೆ ನೆನಪಾತು. ಅದೂ ಅಲ್ಲದ, ಆಂಟಿ ಹೋದ್ರ ನನಗ ಯಾರದಾರ? ಗ್ವಾಡಿ! ಕ್ಲಾಸ್ ಮುಗದದ್ದ ತಡಾ, ಬಸ್ಸಿನಾಕಿ ಮನಿ ಬಾಗಲಾ ಬಡದೆ. ಪಾಪ, ಅಕಿ ಮಣ್ಣು ಹತ್ತಿದ ಕೈ ಒರಸಿಕೋತ ಬಂದ್ಲು. ನಾ ಹಿಂದ ಮುಂದ ನೋಡದ, "ನಿಮಗ ಅವ್ರು ಮಾಡಿದ್ದು ಸೇರಲಿಲ್ಲೇನು?" ಅಂದೆ.

"ಸೇರಲಿಲ್ಲ? ನಿಂತಲ್ಲೇ ತಿಂದೀನಿ!" ಅಂದ್ಲು. "ಟೀವಿ ಮುಂದ ಕೂತು ತಿನ್ನೂಣು ಅಂತ ಹೊಂಟ್ರ ಟೀವಿ ತನಕ ಉಳೀಲೇ ಇಲ್ಲ."

"ಮತ್ತ ಬಟ್ಟಲ ಯಾಕ ಖಾಲಿ ಕೊಟ್ರಿ?"

ಅಕಿ ನನ್ನ ಮಾರಿನ ನೋಡಿದ್ಲು. "ತಿಂದ ಮ್ಯಾಲ ಖಾಲಿನ ಅಲ್ಲೇನು ಇರೂದು? ಹೊಲಸು ಬಟ್ಟಲ ಕೊಡಬಾರದು ಅಂತ ಎರಡೆರಡು ಸಲ ತೊಳದೀನಿ. ಮ್ಯಾಲ ನಾ ಏನರ ಹಾಕಿ ಕೊಟ್ರ, ಪಾಪ ಮತ್ತ ಅಕಿ ಒಲಿ ಮುಂದ ನಿಲ್ಲಬೇಕಾಗ್ತದ ಅಂತ ಬಿಟ್ಟೆ. ಬಾಗಲಾ ಬಡದು ತ್ರಾಸ ಕೊಡಬಾರದು ಅಂತ ಮೆಟ್ಲ ಮ್ಯಾಲ ಇಟ್ಟೆ."

ನೋಡ್ರಿ ಇದಕ್ಕೇನ್ ಅಂತೀರಿ! ಅಕಿ ಮಾಡಿದ್ದೆಲ್ಲಾ ಮರ್ಯಾದಿಗೆ, ಇತ್ತಕಡೆ ಆದದ್ದೆಲ್ಲಾ ಅವಮಾನ. ನಾ ಅಲ್ಲೇ ನಿಂತು ಅಕಿಗೆ ದೊಡ್ಡ ಪಾಠಾನ ಮಾಡಿದೆ. ಖಾಲಿ ಕೊಡಬಾರದು, ಏನರ ಹಾಕಬೇಕು, ಏನೂ ಇರದಿದ್ರ ಒಂದ್ ಚಮಚಾ ಸಕ್ಕರಿ ಹಾಕಿದ್ರೂ ನಡೀತದ. ಬಸ್ಸಿನಾಕಿ ತಲಿ ಅಲ್ಲಾಡಿಸಿ, "ಒಂದ್ ಚಮಚಾ ಸಕ್ಕರಿ. ಅಷ್ಟ ಹೌದಿಲ್ಲೋ?" ಅಂದ್ಲು. ಅಷ್ಟ, ಅಂದೆ. ಎಂಥಾ ಶ್ಯಾಣ್ಯಾಕಿ ನಾನು ಅಂತ ಮೀಸಿ ಇಲ್ಲದಿದ್ರೂ ತಿರುವಿಕೋತ ಮನಿಗೆ ಬಂದೆ.

ಮುಂದಿನ ಬುಧವಾರ ಆಂಟಿ ಕ್ಲಾಸಿಗೆ ಬಂದವ್ರು ನನ್ನ ಟೇಬಲ್ ಮುಂದ ನೆಟ್ಟಗ ನಿಂತು, "ಟೀಚರ್, ಐ ಗಿವ್ ಅಪ್" ಅಂದ್ರು. ಅಷ್ಟು ದಿನದಾಗ ಅವ್ರು ಅಂದ ಮೊದಲನೇ ಶುದ್ಧ ವಾಕ್ಯಾ ಅದು. ಟೀಚರ್ ಆಗಿ ಚಪ್ಪಾಳಿ ಹೊಡೀಬೇಕು, ಆದ್ರ ಪುಸ್ತಕಾ ಮುಚ್ಚಿಟ್ಟು ಏನಾತ್ರಿ ಅಂತ ಕೇಳಿದೆ.

ಏನಾಗಿತ್ತಂದ್ರ, ಆಂಟಿ ಮನಸ್ಸು ತಡೀದ ಕೊನೀಗೊಮ್ಮೆ ಬನ್ನು ಮಾಡಿ ಕೊಟ್ಟಿದ್ರಂತ. ಬಸ್ಸಿನಾಕಿ ನಾ ಹೇಳಿದ್ದನ್ನ ಅಕ್ಷರಶಃ ಪಾಲಿಸಿದ್ಲು. ತೊಳದ ಬಟ್ಟಲದಾಗ ಒಂದ್ ಚಮಚಾ ಸಕ್ಕರಿ ಹಾಕಿ, ಮುಚ್ಚಳ ಮುಚ್ಚಿ, ಅದ ಮೆಟ್ಲ ಮ್ಯಾಲ ಇಟ್ಟಿದ್ಲು. ಆಂಟಿ ನೋಡೂದರಾಗ ಇರಿವಿ ಸಾಲು ಮೆಟ್ಲು ಹತ್ತಿ ಬಟ್ಟಲಾ ಹೊಕ್ಕು, ಅಲ್ಲಿಂದ ಅಡಿಗಿಮನಿಗೂ ಹೊಂಟಿತ್ತು. ಆಂಟಿ ಪಾಪ ಸಕ್ಕರಿ ನೋಡಿ ಏನ್ ತಿಳಕೋಬೇಕು? "ನಿನ್ನ ಅಡಿಗಿಗೆ ರುಚಿ ಇಲ್ಲ, ಸಕ್ಕರಿ ಹಾಕು ಅಂತ ಹೇಳಿ ಕಳಿಸ್ಯಾಳ" ಅಂದ್ರು. ಚೀನಾದಾಗ ಖಾಲಿ ಕೊಡಬಾರದು ಅಂಬೂದು ಅದ, ಸಕ್ಕರಿ ಶಾಸ್ತ್ರ ಇಲ್ಲ! ಅದು ನಮ್ಮ ಓಣಿಯ ಶಾಸ್ತ್ರ. ನಾ ಅದನ್ನ ಒಬ್ಬಾಕಿಗೆ ಹೇಳಿ ಇನ್ನೊಬ್ಬಾಕಿಗೆ ಹೇಳೂದನ್ನ ಬಿಟ್ಟಿದ್ದೆ. ಹಣಿ ಹಣಿ ಬಡಕೊಂಡೆ.

"ನಡೀರಿ" ಅಂತ ಆಂಟಿ ಕೈ ಹಿಡದು ಎಬ್ಬಿಸಿದೆ. ಖಾಲಿ ಕೈಯಾಗ ಹೋಗಲಿಕ್ಕೆ ಅವ್ರು ಒಪ್ಪಲಿಲ್ಲ, ಇಷ್ಟು ಅವಮಾನ ಆದ್ರೂ! ಮನಿಗೆ ಹೋಗಿ ಮುಂಜಾನೆ ಮಾಡಿದ್ದ ಕೆಂಪುಕಾಳಿನ ಹೂರಣದ ಬನ್ನು ಅದ ಬಟ್ಟಲಕ್ಕ ಹಾಕಿಕೊಂಡ್ರು. ಇಬ್ರೂ ಹೋಗಿ ಬಸ್ಸಿನಾಕಿ ಅಡಿಗಿಮನ್ಯಾಗ ಕೂತ್ವಿ. ಆಂಟಿ ಎರಡೂ ಕೈಯಿಂದ ಬಟ್ಟಲ ಕೊಟ್ರು, ಮಾರಿ ಮಾತ್ರ ಕಿಟಕಿ ಕಡೆ.

"ಚಹಾ ಮಾಡ್ಲೇನು?" ಅಂದ್ಲು ಬಸ್ಸಿನಾಕಿ.

"ಬ್ಯಾಡ ಬ್ಯಾಡ" ಅಂದ್ರು ಆಂಟಿ. "ಛೇ, ಏನೂ ಬ್ಯಾಡ್ರಿ" ಅಂದೆ ನಾನು.

"ಆತು ಹಂಗಾರ" ಅಂತ ಅಕಿ ಕೆಟಲ್ ಕೆಳಗಿಟ್ಟು ಕೂತಬಿಟ್ಲು.

ನಾನೂ ಆಂಟಿನೂ ಒಬ್ರ ಮಾರಿ ಒಬ್ರು ನೋಡಿದ್ವಿ. ಹೊರಗ ಥಂಡಿ, ಗಂಟಲಾ ಒಣಗಿತ್ತು, ನಮ್ಮ ಕಣ್ಣು ಕೆಟಲ್ ಮ್ಯಾಲ. ಕಡೀಕ ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. "ಇನ್ನೊಮ್ಮೆ ಕೇಳ್ರೀ!" ಅಂತ ಒದರಿದೆ.

"ಬ್ಯಾಡ ಅಂದ್ರಲ್ಲ?"

"ಮೊದಲನೇದು ಬ್ಯಾಡ ಅಂದ್ರ ಬ್ಯಾಡ ಅಲ್ರೀ. ನೀವು ಮತ್ತ ಕೇಳಬೇಕು, ನಾವು ಮತ್ತ ಬ್ಯಾಡ ಅನಬೇಕು, ನೀವು ಒತ್ತಾಯ ಮಾಡಬೇಕು!"

ಬಸ್ಸಿನಾಕಿ ಹೊಟ್ಟಿ ಹಿಡಕೊಂಡು ನಗಲಿಕ್ಕೆ ಹತ್ತಿದ್ಲು. "ಅಂದ್ರ ಇಷ್ಟು ವರ್ಷ ನಮ್ಮನಿಗೆ ಬಂದವ್ರಲ್ಲಿ ಎಷ್ಟು ಮಂದಿನ್ನ ಬಾಯಾರಿಸಿ ಕಳಿಸೀನಿ ನಾನು?" ಅಂದ್ಲು. ಅಕಿ ನಗೂದು ನೋಡಿ ಆಂಟಿ ಕಿಟಕಿ ಬಿಟ್ಟು ಈ ಕಡೆ ತಿರುಗಿದ್ರು. ಚಹಾ ಆತು. ಸಕ್ಕರಿ ಹಾಕಿದ ಶಾಸ್ತ್ರಾ ನಾ ಇಬ್ರಿಗೂ ಬಿಡಿಸಿ ಹೇಳಿದೆ. ಆಂಟಿಗೆ ಅರ್ಥ ಆದಕೂಡಲೇ ಅವರೂ ಬಾಯಿಗೆ ಕೈ ಅಡ್ಡಾ ಹಿಡದು ನಕ್ರು. ಹೂರಣದ ಬನ್ನು ಮೂರೂ ಮಂದಿ ತಿಂದ್ವಿ.

ಆದ್ರ ಎದ್ದು ಹೊಂಡೂವಾಗ ಆಂಟಿ, "ಶನಿವಾರ ನಾ ಹೋಗ್ತೀನಿ, ಚೀನಾಕ್ಕ" ಅಂದ್ರು. ಟಿಕೆಟ್ ತಗಸಿದ್ದು ತಗಸಿದಂಗ ಇತ್ತು. ಮಗನ ಮುಂದ ಹೋಗ್ತೀನಿ ಅಂತ ಹಟಾ ಹಿಡದವ್ರಿಗೆ ಈಗ ಹೋಗೂದಿಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ, ಇರು ಅಂತ ಹೇಳಲಿಕ್ಕೆ ನನಗ ಅಧಿಕಾರ ಇರಲಿಲ್ಲ. ಬಸ್ಸಿನಾಕಿ ಖಾಲಿ ಬಟ್ಟಲ ತೊಳಿಯೂ ಜಾಗಾದಾಗ ಇಟ್ಲು, ಅಷ್ಟ.

ಶನಿವಾರ ಮುಂಜಾನೆ ಆಂಟಿನ್ನ ಕಳಸಲಿಕ್ಕೆ ಹೋದೆ. ಎಲಿಕೋಸಿನ ಪಲ್ಯಾ ಮಾಡಿ ಒಯ್ದಿದ್ದೆ, ವಿಮಾನದಾಗ ತಿನ್ನಲಿ ಅಂತ. ಮಗಾ ಕಾರಿನ ಡಿಕ್ಕಿ ತಗದು ನಿಂತಿದ್ದ. ಆಂಟಿ ಮಾತ್ರ ಸೂಟ್‌ಕೇಸ್ ಮುಂದ ನಿಂತು ಮುಚ್ಚಲಿಕ್ಕೆ ಒಲ್ಲೆ ಅಂತಿದ್ರು. ನೀಲಿ ಹೂವಿನ ಬಟ್ಟಲ ಬಂದಿಲ್ಲ, ಅವ್ವನ ಬಟ್ಟಲ ಬಿಟ್ಟು ಹೆಂಗ ಹೋಗೂದು? ಸೂಟ್‌ಕೇಸಿನ ನಡುವ ಸ್ವೆಟರ್ ಸರಸಿ ಅದಕ್ಕ ಜಾಗಾ ಮಾಡಿ ಇಟ್ಟಿದ್ರು. "ನೀ ಹೋಗಿ ಇಸಕೊಂಡು ಬಾ, ಟೀಚರ್" ಅಂದ್ರು.

ಹೋದೆ. ಬಸ್ಸಿನಾಕಿ ಬಾಗಲದಾಗ ಅಡ್ಡಾ ನಿಂತ್ಲು, ಬಸ್ಸಿನ್ಯಾಗ ಟಿಕೆಟ್ ಇಲ್ಲದವ್ರನ್ನ ತಡದಂಗ. ಅಕಿ ಹಿಂದ ಅಡಿಗಿಮನಿ ಕಪಾಟಿನ ಮ್ಯಾಲ ಬಟ್ಟಲ ಕಾಣತಿತ್ತು, ಮುಚ್ಚಳ ಸಮೇತ.

"ಆಂಟಿ ಹೊಂಟಾರ. ಬಟ್ಟಲ ಕೊಡ್ರಿ" ಅಂದೆ.

"ಕೊಡೂದಿಲ್ಲ" ಅಂದ್ಲು.

"ಯಾಕ್ರಿ?"

"ಖಾಲಿ ಕೊಡಬಾರದು ಅಂತ ನೀನ ಹೇಳೀದಿ. ಸಕ್ಕರಿ ಹಾಕಿ ಕೊಟ್ಟು ಒಮ್ಮೆ ಕೆಟ್ಟೀನಿ. ನನಗ ಅಡಿಗಿ ಬರೂದಿಲ್ಲ. ನನ್ನ ಕಡೆ ಕೊಡಲಿಕ್ಕೆ ಇರೂದು ಫೀಜೋವಾ ಒಂದ, ಅವು ಈ ವರ್ಷದ್ದು ಮುಗದಾವ." ಅಕಿ ಮಾರಿ ಗಂಭೀರ ಇತ್ತು, ಕೈ ಮಾತ್ರ ಬಾಗಲದ ಚೌಕಟ್ಟು ಬಿಡಲಿಲ್ಲ. "ಮುಂದಿನ ವರ್ಷ ಆಗ್ತಾವ. ಅಲ್ಲೀತನಕ ಅಕಿಗೆ ಕಾಯಬೇಕಾಗ್ತದ ಅಂತ ಹೋಗಿ ಹೇಳು."

ನಾ ಓಡಿಕೋತ ಬಂದೆ, ಹೇಳಿದೆ. ಕೈಸನ್ನಿ, ಮುರಕಾ ಮಾತು, ಎಲ್ಲಾ ಸೇರಿಸಿ ಹೇಳಿದೆ. ಆಂಟಿ ಕೇಳಿಸಿಕೊಂಡು ಸೂಟ್‌ಕೇಸಿನ ಮುಚ್ಚಳ ಕೆಡವಿದ್ರು. ಆಮ್ಯಾಲ ಸೂಟ್‌ಕೇಸ್ ಮ್ಯಾಲ ಧೊಪ್ ಅಂತ ಕೂತ್ರು. "ಅಕಿ ಕೊಡೂದಿಲ್ಲಂತ" ಅಂತ ಮಗನಿಗೆ ಚೀನೀ ಭಾಷಾದಾಗ ಹೇಳಿರಬೇಕು, ಯಾಕಂದ್ರ ಅವ ನನ್ನ ಕಡೆ ನೋಡಿದ, ಡಿಕ್ಕಿ ನೋಡಿದ, ಫೋನ್ ತಗದು ಟಿಕೆಟಿನವ್ರಿಗೆ ಹಚ್ಚಿದ. ಆಂಟಿ ನೀಲಿ ಜಾಕೀಟಿನ ತೋಳಿಂದ ಕಣ್ಣು ಒರಸಿಕೋತ, ಬೇಲಿ ಕಡೆ ಕೈ ಮಾಡಿ ಏನೇನೋ ಬೈದ್ರು. ಅಷ್ಟು ಖುಷೀಲೆ ಬೈಯೂದನ್ನ ನಾ ಎಂದೂ ನೋಡಿದ್ದಿಲ್ಲ.

ಮುಂದಿನ ವರ್ಷ ಫೀಜೋವಾ ಆದ್ವು. ಬಟ್ಟಲ ತುಂಬಿ ಬಂತು, ಮುಚ್ಚಳ ಕೂಡಲಿಲ್ಲ. ಅದರ ಮುಂದಿನ ವರ್ಷಾನೂ ಬಂತು. ಆಂಟಿ ಊರಿಗೆ ಹೋಗಿ ಬಂದು ಮಾಡಿದ್ರು, ಆದ್ರ ಪ್ರತೀ ಸಲ ಹೋಗೂವಾಗ ಬಟ್ಟಲ ಬಸ್ಸಿನಾಕಿ ಮನ್ಯಾಗ ಇರ್ತಿತ್ತು. ಬಸ್ಸಿನಾಕಿನೂ ಸುಧಾರಿಸಿದ್ಲು, ಯಾರು ಬಂದ್ರೂ ಚಹಾ ಚಹಾ ಅಂತ ಮೂರ ಮೂರ ಸಲ ಕೇಳತಿದ್ಲು, ಅಕಿ ಸ್ವಂತ ಮಂದಿನ ಅಕಿನ್ನ ಗಾಬರಿಲೆ ನೋಡತಿದ್ರು.

ಆಮ್ಯಾಲ ನಮ್ಮ ಪಾಳಿ ಬಂತು. ನಮ್ಮನಿಯವ್ರಿಗೆ ಲೋವರ್ ಹಟ್‌ದಾಗ ಕೆಲಸಾ ಸಿಕ್ತು, ವೆಲ್ಲಿಂಗ್‌ಟನ್ ಕಡೆ, ಕಾರಿನ್ಯಾಗ ಇಡೀ ದಿನದ ಹಾದಿ. ಸಾಮಾನು ಕಟ್ಟೂವಾಗ ನಮ್ಮನಿಯವ್ರು, "ನನ್ನ ಸ್ಟೀಲ್ ಡಬ್ಬಿ? ಅದನ್ನರ ಈಗ ವಾಪಸ್ ತೊಗೊಂಡು ಬಾ" ಅಂದ್ರು. ಖರೇ, ಡಬ್ಬಿ ಆಂಟಿ ಮನ್ಯಾಗಿತ್ತು. ಹ್ವಾದ ವಾರಾನ ಉಂಡಿ ಹಾಕಿ ಕೊಟ್ಟಿದ್ದೆ.

ಹೋಗಿ ಬಾಗಲಾ ಬಡದೆ. ಆಂಟಿ ತಗದು ಕೊಟ್ರು. "ಆಂಟಿ, ನಾಳೆ ನಾವು ಹೊಂಟೀವಿ. ನನ್ನ ಡಬ್ಬಿ..." ಅಂದೆ.

ಆಂಟಿ ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡ್ರು. ರಬ್ಬರ್ ಸೈತ ಎರಡೂ ಕೈಯಿಂದ ಕೊಡ್ತಿದ್ದವ್ರು.

"ಫೀಜೋವಾ ಮುಗದಾವ, ಟೀಚರ್" ಅಂದ್ರು.

ಈಗ ಲೋವರ್ ಹಟ್‌ದಾಗೂ ನಮ್ಮನಿಯವ್ರು ಐಸ್‌ಕ್ರೀಮಿನ ಡಬ್ಬ್ಯಾಗ ರೊಟ್ಟಿ ಒಯ್ತಾರ. ಹೊಸಾ ಸ್ಟೀಲ್ ಡಬ್ಬಿ ತರ್ತೀನಿ ಅಂದ್ರೂ ನಾ ಬ್ಯಾಡ ಅಂದೀನಿ, ನಂದೊಂದು ಒನೆಹುಂಗಾದಾಗ ಅದ.